ದಪ್ಪ ಅಕ್ಷರದ ಒಂಬತ್ತು ಸಾಲು

ತಿದ್ದಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅದು ಸಂಬಳದ ಪಟ್ಟಿ ಬಿಟ್ಟು ಆಚೆ ಕಾಲಿಟ್ಟಿದ್ದನ್ನು ಆಫೀಸಿನಲ್ಲಿ ಯಾರೂ ಕಂಡಿರಲಿಲ್ಲ. ಬಂದ ಬರಹವನ್ನೆಲ್ಲ ತಿದ್ದುವವಳು, ಆದ್ದರಿಂದ ತಿದ್ದಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು, ಅವಳೂ ಹಾಗೇ ಓಗೊಡುತ್ತಿದ್ದಳು.

ಲಿಫ್ಟ್‌ಗಳಿಗೆ ಕೈಪಿಡಿ ತಯಾರಿಸಿ ಅಚ್ಚು ಹಾಕಿಸಿಕೊಡುವ ಆಫೀಸು ಅದು. ಮೂರನೆಯ ಮಹಡಿಯಲ್ಲಿ ಉದ್ದನೆಯ ಒಂದೇ ಕೋಣೆ, ಹನ್ನೊಂದು ಮೇಜು, ಗೋಡೆಯುದ್ದಕ್ಕೂ ಹಳೆಯ ಪುಸ್ತಕಗಳ ಕಬ್ಬಿಣದ ಕಪಾಟು. ತಮಾಷೆಯೆಂದರೆ ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಐವತ್ತಾರು ಮೆಟ್ಟಿಲು ಹತ್ತಿ, ಮೇಲೆ ಬಂದು, ಒಂದು ಲೋಟ ನೀರು ಕುಡಿದು, ಲಿಫ್ಟನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಹೇಗೆಂದು ಜನರಿಗೆ ತಿಳಿಸುವುದು ಅಲ್ಲಿನವರ ದಿನಚರಿ. ಹೊಸಬರು ಇದನ್ನು ಕಂಡು ನಗುತ್ತಿದ್ದರು. ಆರು ತಿಂಗಳು ಮೆಟ್ಟಿಲು ಹತ್ತಿದ ಮೇಲೆ ಅವರಿಗೂ ನಗು ನಿಲ್ಲುತ್ತಿತ್ತು.

ಎಂಜಿನಿಯರುಗಳು ಬರೆದದ್ದು ಮೆಕ್ಯಾನಿಕ್ಕಿಗೆ ಅರ್ಥವಾಗುವ ಹಾಗೆ ಮಾಡುವುದು ತಿದ್ದಕ್ಕನ ಕೆಲಸ. ಎಂಜಿನಿಯರ್ ಅರ್ಧ ಪುಟ ಸುತ್ತಿ ಬಳಸಿ ಹೇಳಿದ್ದನ್ನು ಅವಳು ಮೂರು ಮಾತಿಗೆ ಇಳಿಸುತ್ತಿದ್ದಳು. ತುಟಿ ಅಲ್ಲಾಡಿಸಿಕೊಂಡು ಓದುವ ಅಭ್ಯಾಸ. ಕಾಗದದ ಕಾಲದಲ್ಲಿ ಸಾಲಿನ ಕೆಳಗೆ ಬಿಳಿಯ ಪ್ಲಾಸ್ಟಿಕ್ ಸ್ಕೇಲು ಹಿಡಿದು ಓದುತ್ತಿದ್ದಳು. ಕಂಪ್ಯೂಟರ್ ಬಂದ ಮೇಲೆ ಅದೇ ಸ್ಕೇಲನ್ನು ಪರದೆಗೆ ಆನಿಸಿ ಓದತೊಡಗಿದಳು. ಅವಳ ಪರದೆಯ ತುಂಬ ಸಣ್ಣ ಗೀರುಗಳು ಬಿದ್ದಿದ್ದವು, ಅವಳಿಗೆ ಅದರ ಖಬರೇ ಇರಲಿಲ್ಲ.

ಆ ಆಫೀಸಿನಲ್ಲಿ ಒಂದು ಪದ್ಧತಿ. ಪುಸ್ತಕ ಪ್ರೆಸ್ಸಿಗೆ ಹೋಗುವ ಮುನ್ನ ಅದರ ಮೇಲೆ ಒಂದು ಹಾಳೆ ಇಡುತ್ತಿದ್ದರು. ಅದರಲ್ಲಿ ಒಂದೇ ಸಾಲು: ‘ಎಲ್ಲ ಕಡೆ ನೋಡಿದ್ದೇನೆ.’ ಕೆಳಗೆ ತಿದ್ದಕ್ಕನ ಸಹಿ. ಆ ಸಹಿ ಇಲ್ಲದೆ ಪ್ರೆಸ್ಸಿನವರು ಯಂತ್ರದ ಗುಂಡಿ ಒತ್ತುತ್ತಿರಲಿಲ್ಲ. ಬೇರೆಯವರಿಗೆ ಮನೆ, ಚಿನ್ನ, ಮಕ್ಕಳ ಓದು ಹೇಗೋ, ತಿದ್ದಕ್ಕನಿಗೆ ಆ ಸಹಿ ಹಾಗೆ. ಇಪ್ಪತ್ತೆರಡು ವರ್ಷದಲ್ಲಿ ಅದು ಒಂದು ಸಲವೂ ಸುಳ್ಳಾಗಿರಲಿಲ್ಲ. ಹೇಳಿಕೊಂಡು ತಿರುಗುತ್ತಿರಲಿಲ್ಲ, ಆದರೆ ಒಳಗೊಳಗೇ ಜಂಬ ಇತ್ತು.

ಮನೆಯಲ್ಲಿ ಮೂವರು: ಅವಳು, ಗಂಡ, ಅತ್ತೆ. ಗಂಡ ಲಿಫ್ಟ್ ಮೆಕ್ಯಾನಿಕ್. ಹಾಗೆಂದು ಇಬ್ಬರೂ ಕೂತು ಲಿಫ್ಟಿನ ಮಾತಾಡುತ್ತಿದ್ದರು ಎಂದೇನಲ್ಲ. ಅವನು ಮಾತು ಕಮ್ಮಿ, ಕೆಲಸದ ಹೊತ್ತಿನಲ್ಲಂತೂ ಮಾತೇ ಇಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಒಂದು ದಿನವೂ ಕೆಲಸದ ಜಾಗದಿಂದ ಹೆಂಡತಿಗೆ ಫೋನ್ ಮಾಡಿದವನಲ್ಲ. ಕೇಳಿದರೆ, “ಕೈ ಖಾಲಿ ಇರಬೇಕು ಕಣೇ, ಫೋನ್ ಹಿಡ್ಕೊಂಡ್ರೆ ಗಮನ ಎಲ್ಲಿರುತ್ತೆ” ಅನ್ನುತ್ತಿದ್ದ. ಅವನು ಮಿಗಿಸಿದ ಮಾತನ್ನೆಲ್ಲ ಅತ್ತೆ ಆಡಿ ತೀರಿಸುತ್ತಿದ್ದರು.

ಅತ್ತೆಯ ಮಾತಿಗೆ ಒಂದು ನಡಿಗೆ ಇತ್ತು. ಹೊರಟ ದಾರಿಯಲ್ಲೇ ಹೋಗುವ ಮಾತಲ್ಲ ಅದು, ನಡುವೆ ನಾಲ್ಕು ಮನೆಗೆ ಹೋಗಿ, ಕೂತು, ನೀರು ಕುಡಿದು, ಆಮೇಲೆ ಮುಂದಕ್ಕೆ ಬರುವ ಮಾತು. ತಿದ್ದಕ್ಕ ದಿನಾ ಬೆಳಿಗ್ಗೆ ಕನ್ನಡಕ ಹುಡುಕುತ್ತಿದ್ದಳು. ಅತ್ತೆ ದಿನಾ ಅದನ್ನು ಹೇಳಿಕೊಡುತ್ತಿದ್ದರು.

“ನಿನ್ನ ಕನ್ನಡಕ ಅಲ್ವಾ, ಕಿಟಕಿ ಹತ್ರ ಇತ್ತಮ್ಮ...”

ಅಷ್ಟು ಕೇಳಿಸಿಕೊಂಡು ತಿದ್ದಕ್ಕ ಕಿಟಕಿಗೆ ಓಡುತ್ತಿದ್ದಳು. ಕನ್ನಡಕ ಅಲ್ಲಿ ಇರುತ್ತಿರಲಿಲ್ಲ. ಹಿಂದೆ ಅತ್ತೆಯ ಮಾತು ತನ್ನಷ್ಟಕ್ಕೆ ಹರಿಯುತ್ತಲೇ ಇರುತ್ತಿತ್ತು: “...ಆ ಕಿಟಕಿ ಚಿಲಕ ಸಡಿಲ ಆಗಿದೆ, ಇವನಿಗೆ ಹೇಳಿ ಹೇಳಿ ನನಗೂ ಸಾಕಾಯ್ತು, ಊರೋರ ಲಿಫ್ಟೆಲ್ಲ ರಿಪೇರಿ ಮಾಡ್ತಾನೆ, ಮನೆ ಚಿಲಕ ಅಂದ್ರೆ ನಾಳೆ ಅಂತಾನೆ, ಗಾಳಿಗೆ ಕಿಟಕಿ ಬಡಿದು ನಿನ್ನ ಕನ್ನಡಕ ಬಿದ್ದೋಗುತ್ತೆ ಅಂತ ನಾನೇ ತೆಗೆದು ಫ್ರಿಜ್ ಮೇಲಿಟ್ಟೆ.” ಅಷ್ಟು ಹೊತ್ತಿಗೆ ತಿದ್ದಕ್ಕ ಕಿಟಕಿ ಬಿಟ್ಟು ಹಾಸಿಗೆ ಕೊಡವುತ್ತಿರುತ್ತಿದ್ದಳು. ಆಫೀಸಿನಲ್ಲಿ ಅಲ್ಪವಿರಾಮವನ್ನೂ ಬಿಡದೆ ಓದುವವಳು ಮನೆಯಲ್ಲಿ ಅರ್ಧ ಮಾತಿಗೇ ಎದ್ದು ಹೋಗುತ್ತಿದ್ದಳು.

ಆರು ವರ್ಷದ ಹಿಂದೆ ಆ ಮನೆಯಲ್ಲಿ ಒಂದು ಕೆಟ್ಟ ದಿನ ಬಂದಿತ್ತು. ಲಿಫ್ಟಿನ ಮೋಟರನ್ನು ನಡೆಸುವ ಒಂದು ಪೆಟ್ಟಿಗೆ ಇರುತ್ತದೆ. ಕರೆಂಟ್ ತೆಗೆದ ಮೇಲೂ ಅದರೊಳಗೆ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಅದು ಇಳಿಯುವವರೆಗೆ ಐದು ನಿಮಿಷ ಕಾಯಬೇಕು, ಆಮೇಲೆ ಮುಚ್ಚಳ ತೆಗೆಯಬೇಕು. ಗಂಡನಿಗೆ ಇದು ಗೊತ್ತಿತ್ತು, ಪುಸ್ತಕದಲ್ಲೂ ಇತ್ತು. ಅವತ್ತು ಏನೋ ಅವಸರ, ಎರಡು ನಿಮಿಷಕ್ಕೇ ಕೈ ಹಾಕಿದ. ಬಲಗೈಯ ಹೆಬ್ಬೆರಳು, ತೋರುಬೆರಳು ಸುಟ್ಟವು. ಜೀವ ಉಳಿಯಿತು. ನಾಲ್ಕು ತಿಂಗಳು ಅವನ ಅಂಗಿಯ ಗುಂಡಿಯನ್ನು ತಿದ್ದಕ್ಕನೇ ಹಾಕಿದಳು. ಒಂದು ದಿನ ಗುಂಡಿ ಹಾಕುತ್ತ ಅತ್ತಳು, ಅವನು ಗೋಡೆ ನೋಡಿಕೊಂಡು ನಿಂತಿದ್ದ.

ಮಾರನೆಯ ವಾರ ಅವಳು ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದಳು. ಪುಸ್ತಕದಲ್ಲಿ ದಪ್ಪ ಅಕ್ಷರ ತಲೆಬರಹಕ್ಕೆ ಮಾತ್ರ ಎಂಬುದು ಆಫೀಸಿನ ಕಟ್ಟುನಿಟ್ಟಿನ ನಿಯಮ. ಆ ನಿಯಮವನ್ನು ಬರೆದವಳೂ ಅವಳೇ. ಆದರೂ, ಮೆಕ್ಯಾನಿಕ್ ದಿನಾ ಪೆಟ್ಟಿಗೆ ಬಿಚ್ಚುವ ಕೆಲವು ಜಾಗಗಳಲ್ಲಿ ‘ಐದು ನಿಮಿಷ ಕಾಯಿರಿ’ ಎಂಬ ಸಾಲಿನಲ್ಲಿ ‘ಕಾಯಿರಿ’ ಎಂಬ ಒಂದು ಮಾತನ್ನು ದಪ್ಪ ಮಾಡಿಬಿಟ್ಟಳು. ಯಾರೂ ಗಮನಿಸಲಿಲ್ಲ. ಗಂಡನಿಗೂ ಹೇಳಲಿಲ್ಲ. ಎಷ್ಟು ಕಡೆ ಮಾಡಿದೆನೆಂದು ಅವಳೂ ಎಣಿಸಿಟ್ಟುಕೊಳ್ಳಲಿಲ್ಲ.

ಈಗ ಡಬ್ಬಿ ಮೇಷ್ಟ್ರ ವಿಷಯ. ಹಿಂದೆ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು, ಆಮೇಲೆ ಕಂಪ್ಯೂಟರ್ ಕಲಿತು ಆಫೀಸಿಗೆ ಬಂದವರು. ತಿದ್ದಕ್ಕನದೇ ವಯಸ್ಸು, ಹೊಟ್ಟೆ ಸ್ವಲ್ಪ ಮುಂದೆ. ಪುಸ್ತಕಗಳನ್ನೆಲ್ಲ ಎಕ್ಸ್‌ಎಂಎಲ್ ಎಂಬ ರೀತಿಗೆ ತಂದವರು ಅವರೇ. ಅದೇನೆಂದು ಯಾರು ಕೇಳಿದರೂ ಅವರ ಉತ್ತರ ಒಂದೇ.

“ಡಬ್ಬಿ ತಾಯಿ, ಬರೀ ಡಬ್ಬಿ. ಒಂದೊಂದು ಸಾಲನ್ನೂ ಒಂದೊಂದು ಡಬ್ಬಿಯಲ್ಲಿ ಹಾಕಿ ಮೇಲೆ ಚೀಟಿ ಅಂಟಿಸೋದು. ಸಾಲಿನ ಡಬ್ಬಿ ಪಾಠದ ಡಬ್ಬಿಯೊಳಗೆ, ಪಾಠದ್ದು ಅಧ್ಯಾಯದೊಳಗೆ, ಅಧ್ಯಾಯ ಪುಸ್ತಕದೊಳಗೆ. ಮಧ್ಯೆ ಒಂದು ಮಾತು ದಪ್ಪ ಆಗಬೇಕು ಅಂದ್ರೆ ಅದಕ್ಕೂ ಒಂದು ಸಣ್ಣ ಡಬ್ಬಿ.”

ಇದರ ಲಾಭ ಹುಡುಕುವಾಗ. ಯಾವ ಡಬ್ಬಿಯಲ್ಲಿ ಇಂಥ ಮಾತು ಇದೆಯೋ ಅದನ್ನು ತೆಗೆದುಕೊಡು ಎಂದು ಮೇಷ್ಟ್ರು ಒಂದು ಸಾಲು ಬರೆದರೆ, ನಾನೂರ ಇಪ್ಪತ್ತು ಪುಟದೊಳಗಿಂದ ಅಷ್ಟೂ ಡಬ್ಬಿಗಳು ಕಣ್ಣು ಮಿಟುಕಿಸುವುದರೊಳಗೆ ಪಟ್ಟಿಯಾಗಿ ಬರುತ್ತಿದ್ದವು. ತಿದ್ದಕ್ಕ ಮೂರು ದಿನ ಕಣ್ಣು ನೋಯಿಸಿಕೊಂಡು ಮಾಡುತ್ತಿದ್ದ ಕೆಲಸ. ಅವಳಿಗೆ ಹೊಟ್ಟೆಕಿಚ್ಚೇನೂ ಆಗಲಿಲ್ಲ, ಕಣ್ಣು ಉಳಿಯಿತಲ್ಲ ಎಂದು ಖುಷಿಯೇ ಆಯಿತು. ಮೇಷ್ಟ್ರಿಗೆ ಚಹಾ ಕೊಡಿಸಿದಳು.

ಒಂದು ಬುಧವಾರ ಬೆಳಿಗ್ಗೆ ಪೆಟ್ಟಿಗೆ ತಯಾರಿಸುವವರಿಂದ ಎರಡು ಸಾಲಿನ ಪತ್ರ ಬಂತು. ಹೊಸ ಪೆಟ್ಟಿಗೆಯಲ್ಲಿ ವಿದ್ಯುತ್ ಹೆಚ್ಚು ಹೊತ್ತು ನಿಲ್ಲುತ್ತದೆ, ಐದು ನಿಮಿಷ ಸಾಲದು, ಹದಿನೈದು ಬೇಕು. ಪುಸ್ತಕ ಮಾರನೆಯ ದಿನ ಪ್ರೆಸ್ಸಿಗೆ ಹೋಗಬೇಕಿತ್ತು. ಆಫೀಸಿನ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಅನ್ನುತ್ತಿದ್ದರು. ಮಾತು ಬಿಗಿ, ನಗುವುದು ವರ್ಷಕ್ಕೆರಡು ಸಲ. ಅವರು ಪತ್ರವನ್ನು ತಿದ್ದಕ್ಕನ ಮೇಜಿನ ಮೇಲಿಟ್ಟು, “ಸಂಜೆಯೊಳಗೆ ಆಗುತ್ತಾ?” ಎಂದು ಕೇಳಿದರು.

“ಮೇಷ್ಟ್ರು ಇದ್ದಾರಲ್ಲ ಮೇಡಂ, ಆಗುತ್ತೆ.”

ಮೇಷ್ಟ್ರು ‘ಐದು ನಿಮಿಷ ಕಾಯಿರಿ’ ಎಂಬುದನ್ನು ಹುಡುಕಲು ಕಂಪ್ಯೂಟರಿಗೆ ಹೇಳಿದರು. ನಲವತ್ತೊಂದು ಬಂದವು. ಒಂದೇ ಏಟಿಗೆ ಎಲ್ಲವನ್ನೂ ಹದಿನೈದು ಮಾಡಬಹುದಿತ್ತು, ಆದರೆ ತಿದ್ದಕ್ಕ ಒಪ್ಪಲಿಲ್ಲ. ಒಂದೊಂದನ್ನೂ ಸ್ಕೇಲು ಹಿಡಿದು ಓದಿ, ಕೈಯಾರೆ ಬದಲಿಸಿದಳು. ಅದು ಸರಿಯೇ ಆಯಿತು, ಯಾಕೆಂದರೆ ಅದರಲ್ಲಿ ಮೂರು ಸಾಲು ಲಿಫ್ಟ್ ಜಾರುವ ಹಳಿಗೆ ಎಣ್ಣೆ ಹಚ್ಚಿ ಐದು ನಿಮಿಷ ಕಾಯುವುದಕ್ಕೆ ಸೇರಿದ್ದವು. ಅವನ್ನು ಬಿಟ್ಟು ಮೂವತ್ತೆಂಟು ತಿದ್ದಿದಳು. ನಾಲ್ಕೂವರೆಗೆ ಹಾಳೆ ತೆಗೆದುಕೊಂಡು, ‘ಎಲ್ಲ ಕಡೆ ನೋಡಿದ್ದೇನೆ’ ಎಂಬುದರ ಕೆಳಗೆ ಸಹಿ ಹಾಕಿ, ಚೀಲ ಹೆಗಲಿಗೇರಿಸಿ ಐವತ್ತಾರು ಮೆಟ್ಟಿಲು ಇಳಿದಳು.

ಮನೆಗೆ ಬಂದಾಗ ಗಂಡ ಆಗಲೇ ಬಂದು ಕೈಕಾಲು ತೊಳೆದು ಚಹಾ ಕುಡಿಯುತ್ತಿದ್ದ. ಅತ್ತೆ ಬಟ್ಟೆ ಮಡಿಸುತ್ತಿದ್ದರು.

“ಮುಂದಿನ ತಿಂಗಳಿಂದ ನಮಗೂ ಹೊಸ ಪೆಟ್ಟಿಗೆ ಕೊಡ್ತಾರಂತೆ,” ಅಂದ ಗಂಡ.

“ಗೊತ್ತು. ಅದಕ್ಕೆ ಹದಿನೈದು ನಿಮಿಷ ಕಾಯಬೇಕು, ಐದಲ್ಲ. ಇವತ್ತು ಪೂರ್ತಿ ಅದೇ ತಿದ್ದಿದ್ದು ನಾನು.”

“ಹದಿನೈದಾ?” ಗಂಡ ತನ್ನ ಕೆಲಸದ ಚೀಲದಿಂದ ಹಳೆಯ ಕೈಪಿಡಿ ತೆಗೆದ. ಅದು ಗ್ರೀಸು ಮೆತ್ತಿ ಕರ್ರಗಾಗಿತ್ತು, ಮಡಿಸಿದ ಕಡೆ ತಾನೇ ಬಿಚ್ಚಿಕೊಂಡಿತು. “ಇಡೀ ಪುಸ್ತಕದಲ್ಲಿ ನಾನು ದಿನಾ ನೋಡೋದು ಇದೊಂದೇ ಪುಟ. ಇಲ್ಲಿ ನೋಡು, ಈ ‘ಕಾಯಿರಿ’ ಅನ್ನೋದನ್ನ ಯಾರೋ ಪುಣ್ಯಾತ್ಮರು ದಪ್ಪ ಮಾಡಿದಾರೆ. ಎಷ್ಟೇ ಅವಸರ ಇದ್ರೂ ಇದನ್ನ ನೋಡಿದ್ರೆ ಕೈ ನಿಂತುಬಿಡುತ್ತೆ.”

ತಿದ್ದಕ್ಕನಿಗೆ ಮೊದಲು ಸಂತೋಷವಾಯಿತು. ಆರು ವರ್ಷದಿಂದ ಒಳಗೆ ಇಟ್ಟುಕೊಂಡಿದ್ದಕ್ಕೆ ಫಲ ಸಿಕ್ಕ ಸಂತೋಷ. ಪುಣ್ಯಾತ್ಮರು ಎಂದು ಗಂಡನ ಬಾಯಲ್ಲಿ ಅನ್ನಿಸಿಕೊಳ್ಳುವುದು ಸುಲಭವೇ? ‘ಅದು ನಾನೇ’ ಎಂದು ಹೇಳಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು.

ಇವತ್ತು ನಲವತ್ತೊಂದು ಸಾಲನ್ನು ಒಂದೊಂದಾಗಿ ಓದಿದ್ದಳು. ಒಂದರಲ್ಲೂ ದಪ್ಪ ಅಕ್ಷರ ಕಂಡಿರಲಿಲ್ಲ.

ನಿಯಮ ಮುರಿದು ತಾನೇ ಹಾಕಿದ ಗುರುತು, ಕಂಡಿದ್ದರೆ ಕಣ್ಣು ಅಲ್ಲಿ ನಿಲ್ಲದೆ ಹೋಗುತ್ತಿರಲಿಲ್ಲ. ಕಂಡಿಲ್ಲವೆಂದರೆ ಆ ಸಾಲುಗಳು ಪಟ್ಟಿಗೆ ಬಂದೇ ಇಲ್ಲ. ಪಟ್ಟಿಗೆ ಬಂದಿಲ್ಲವೆಂದರೆ ಅಲ್ಲೆಲ್ಲ ಇನ್ನೂ ಐದು ನಿಮಿಷವೇ ಇದೆ. ಹೊಸ ಪುಸ್ತಕ ಇವನ ಚೀಲಕ್ಕೆ ಬರುತ್ತದೆ, ಇವನು ಇದೇ ಪುಟ ತೆಗೆಯುತ್ತಾನೆ, ದಪ್ಪ ಅಕ್ಷರವನ್ನು ನಂಬಿ ಐದೇ ನಿಮಿಷ ಕಾದು ಕೈ ಹಾಕುತ್ತಾನೆ. ಸಹಿ ಬೇರೆ ಹಾಕಿ ಬಂದಿದ್ದಳು.

ಚಹಾದ ಲೋಟ ಕೆಳಗಿಟ್ಟು ಮೇಡಂಗೆ ಫೋನ್ ಮಾಡಿದಳು.

“ಮೇಡಂ, ನಾಳೆ ಪ್ರಿಂಟ್ ನಿಲ್ಲಿಸಬೇಕು. ನನ್ನ ಸಹಿ ತಪ್ಪಾಗಿದೆ.”

“ಎಷ್ಟು ಕಡೆ?”

“ಗೊತ್ತಿಲ್ಲ ಮೇಡಂ. ಕೆಲವು ಕಡೆ ‘ಕಾಯಿರಿ’ ಅನ್ನೋದನ್ನ ದಪ್ಪ ಮಾಡಿದೆ, ಅವು ಯಾವುವೂ ಹುಡುಕಿದಾಗ ಬಂದಿಲ್ಲ. ದಪ್ಪ ಮಾಡಿದ್ದು ನಾನೇ. ಆರು ವರ್ಷದ ಹಿಂದೆ. ಯಾರನ್ನೂ ಕೇಳಿರಲಿಲ್ಲ.”

“ಪ್ರೆಸ್ಸಿನವರಿಗೆ ನಾಳೆ ಮಧ್ಯಾಹ್ನದ ತನಕ ಕಾಯೋಕೆ ಹೇಳ್ತೀನಿ. ಅಷ್ಟರಲ್ಲಿ ಎಲ್ಲಾ ಸಿಗಬೇಕು,” ಎಂದು ಮೇಡಂ ಫೋನ್ ಇಟ್ಟರು.

ತಿದ್ದಕ್ಕ ತಿರುಗಿ ನೋಡಿದರೆ ಗಂಡ ಪುಸ್ತಕ ಹಿಡಿದುಕೊಂಡು ನಿಂತೇ ಇದ್ದ. ಆ ಪುಟ ನೋಡಿದ, ಅವಳನ್ನು ನೋಡಿದ, ಮತ್ತೆ ಪುಟ ನೋಡಿದ. ಆಮೇಲೆ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಹೋಗಿ ಕಿಟಕಿಯ ಚಿಲಕ ಬಿಗಿ ಮಾಡಿದ. ಅತ್ತೆ ಮಡಿಸುತ್ತಿದ್ದ ಟವಲನ್ನು ಕೈಯಲ್ಲಿ ಹಿಡಿದುಕೊಂಡೇ, “ಇವತ್ತು ಏನಾಯ್ತು ಇವನಿಗೆ” ಅಂದರು.

ಮಾರನೆಯ ಬೆಳಿಗ್ಗೆ ಏಳೂವರೆಗೇ ತಿದ್ದಕ್ಕ ಆಫೀಸಿನ ಬೀಗ ತೆಗೆಸಿದಳು. ಸುದ್ದಿ ಕೇಳಿ ಮೇಷ್ಟ್ರೂ ಬಂದರು. ಬಂದವರ ಮುಖ ಸ್ವಲ್ಪ ಊದಿತ್ತು.

“ಅದು ಸುಳ್ಳು ಹೇಳಲ್ಲ ತಾಯಿ. ನಾವು ಕೇಳಿದ್ದನ್ನೇ ಕೊಡುತ್ತೆ.”

“ಸುಳ್ಳು ಹೇಳ್ತು ಅಂತ ನಾನೆಲ್ಲಿ ಅಂದೆ ಮೇಷ್ಟ್ರೇ? ನಾವೇನು ಕೇಳಿದ್ವಿ, ಅದು ಹೇಳಿ.”

ಗಂಡ ನೋಡುವ ಆ ಒಂದು ಪುಟವನ್ನು ತೆರೆದರು. ದಪ್ಪ ಅಕ್ಷರದ ಸಾಲು ಅಲ್ಲೇ ಇತ್ತು, ಐದು ನಿಮಿಷ ಎಂದೇ ಇತ್ತು. ಕಣ್ಣಿಗೆ ಕಾಣುತ್ತಿದೆ, ಹುಡುಕಿದರೆ ಸಿಗುತ್ತಿಲ್ಲ. ಮೇಷ್ಟ್ರು ತಾವು ಬರೆದ ಹುಡುಕುವ ಸಾಲನ್ನು ನೋಡಿದರು, ಆ ಡಬ್ಬಿಯನ್ನು ನೋಡಿದರು, ಮೂಗಿನ ಮೇಲಿನ ಕನ್ನಡಕವನ್ನು ಹಣೆಗೆ ಏರಿಸಿದರು. ಆಮೇಲೆ ಒಂದು ಹಾಳೆ ತೆಗೆದು ಚೌಕ ಎಳೆದರು.

“ಇದು ನಿಮ್ಮ ಸಾಲಿನ ಡಬ್ಬಿ. ಇದರಲ್ಲಿ ಮೊದಲು ‘ಐದು ನಿಮಿಷ’ ಅಂತ ಒಂದು ಚೂರಿದೆ. ಆಮೇಲೆ ನಿಮ್ಮ ದಪ್ಪ ಅಕ್ಷರದ ಸಣ್ಣ ಡಬ್ಬಿ, ಅದರೊಳಗೆ ‘ಕಾಯಿರಿ’. ಮೊದಲನೇ ಚೂರಲ್ಲಿ ‘ಕಾಯಿರಿ’ ಇಲ್ಲ. ಸಣ್ಣ ಡಬ್ಬಿಯಲ್ಲಿ ‘ಐದು ನಿಮಿಷ’ ಇಲ್ಲ. ನಾನು ಕೇಳಿದ್ದು, ಡಬ್ಬಿಯಲ್ಲಿರೋ ಮೊದಲನೇ ಚೂರಲ್ಲಿ ಪೂರ್ತಿ ಮಾತು ಇದೆಯಾ ಅಂತ. ಅದು ಇಲ್ಲ ಅಂತು.”

ತಿದ್ದಕ್ಕ ಹಾಳೆಯನ್ನು ನೋಡಿದಳು. “ಅಂದ್ರೆ ಮಧ್ಯೆ ಯಾರಾದ್ರೂ ಬಾಯಿ ಹಾಕಿದ್ರೆ, ಅಲ್ಲಿಗೇ ಕೇಳೋದು ನಿಲ್ಲಿಸಿಬಿಡುತ್ತೆ.”

“ಹಾಗೇ ಅಂದ್ಕೊಳ್ಳಿ.”

“ನಾನು ನಮ್ಮತ್ತೆ ಮಾತು ಕೇಳೋ ಹಾಗೆ,” ಎಂದಳು ತಿದ್ದಕ್ಕ. ಮೇಷ್ಟ್ರಿಗೆ ಅರ್ಥವಾಗಲಿಲ್ಲ, ಅವಳೂ ಬಿಡಿಸಿ ಹೇಳಲಿಲ್ಲ. ಯಾವ ಸಾಲನ್ನು ಯಾರೂ ನೋಡದೆ ಬಿಡಬಾರದೆಂದು ಗುರುತು ಹಾಕಿದ್ದಳೋ, ಆ ಗುರುತಿನಿಂದಲೇ ಆ ಸಾಲು ಮರೆಯಾಗಿತ್ತು.

“ಚೂರು ಕೇಳೋದು ಬೇಡ ಮೇಷ್ಟ್ರೇ. ಒಳಗಿನ ಡಬ್ಬಿ ಗಿಬ್ಬಿ ಎಲ್ಲ ಸೇರಿಸಿ, ಮೊದಲಿಂದ ಕೊನೇವರೆಗೆ ಓದಿದ್ರೆ ಈ ಮಾತು ಬರುತ್ತಾ ಅಂತ ಕೇಳೋಕೆ ಆಗಲ್ವಾ?”

“ಯಾಕಾಗಲ್ಲ,” ಎಂದು ಮೇಷ್ಟ್ರು ಹುಡುಕುವ ಸಾಲಿನಲ್ಲಿ ಒಂದು ಪದ ಅಳಿಸಿ, ಆ ಜಾಗದಲ್ಲಿ ಬರೀ ಒಂದು ಚುಕ್ಕೆ ಇಟ್ಟರು. ಇಡೀ ಡಬ್ಬಿ ಎಂಬುದಕ್ಕೆ ಆ ಚುಕ್ಕೆಯೇ ಗುರುತು. ಗುಂಡಿ ಒತ್ತಿದರು.

ಇಪ್ಪತ್ತೊಂಬತ್ತು ಬಂದವು. ಪಟ್ಟಿಯ ಮೊದಲಲ್ಲಿ ಇಡೀ ಪುಸ್ತಕವೇ ಎದ್ದು ಬಂದು ಕೂತಿತ್ತು. ತಿದ್ದಕ್ಕ ಗಾಬರಿಯಾದಳು. ಮೇಷ್ಟ್ರು ನಕ್ಕರು, ಅವತ್ತು ಮೊದಲ ಸಲ.

“ತಪ್ಪೇನಿಲ್ಲ. ಸಾಲಿನ ಡಬ್ಬಿ ‘ನನ್ನಲ್ಲಿದೆ’ ಅಂತು. ಅದನ್ನ ಇಟ್ಕೊಂಡಿರೋ ಪಾಠದ ಡಬ್ಬಿನೂ ‘ನನ್ನಲ್ಲಿದೆ’ ಅಂತು. ಅಧ್ಯಾಯ ಅಂತು, ಪುಸ್ತಕಾನೂ ಅಂತು. ಮಗು ರ್ಯಾಂಕ್ ಬಂದ್ರೆ ಅಪ್ಪ, ತಾತ, ಚಿಕ್ಕಪ್ಪ ಎಲ್ಲ ಫೋಟೋಗೆ ನಿಂತ್ಕೋತಾರಲ್ಲ, ಹಾಗೆ.”

“ಹಿರಿಯರನ್ನ ಪಕ್ಕಕ್ಕೆ ನಿಲ್ಲಿಸಿ. ನನಗೆ ಮಗು ಸಾಕು.”

ಮೇಷ್ಟ್ರು ಮತ್ತೆ ಬರೆದರು: ತನ್ನಲ್ಲಿ ಪೂರ್ತಿ ಮಾತು ಇರಬೇಕು, ಆದರೆ ತನ್ನ ಒಳಗಿನ ಯಾವ ಡಬ್ಬಿಯಲ್ಲೂ ಅದು ಪೂರ್ತಿ ಇರಬಾರದು. ಅಂಥ ಡಬ್ಬಿ ಮಾತ್ರ ಕೊಡು. ಹನ್ನೆರಡು ಬಂದವು. ಮೂರು ಎಣ್ಣೆಯ ಸಾಲು. ಉಳಿದ ಒಂಬತ್ತರಲ್ಲೂ ‘ಕಾಯಿರಿ’ ದಪ್ಪಗೆ ಕೂತಿತ್ತು.

ಒಂಬತ್ತು. ಆರು ವರ್ಷದ ಹಿಂದೆ ತಾನು ಎಷ್ಟು ಕಡೆ ಮಾಡಿದೆನೆಂದು ತಿದ್ದಕ್ಕನಿಗೆ ಅವತ್ತು ಗೊತ್ತಾಯಿತು. ಒಂದೊಂದನ್ನೂ ಸ್ಕೇಲು ಹಿಡಿದು ಓದಿ ಹದಿನೈದು ಮಾಡಿದಳು. ಎಂಟನೆಯದು ಗಂಡನ ಪುಟ. ಅಲ್ಲಿ ಎರಡು ಸಲ ಓದಿದಳು.

ಮೇಷ್ಟ್ರು ಕೈ ಕೊಡವಿ ಎದ್ದರು. ತಿದ್ದಕ್ಕ ಏಳಲಿಲ್ಲ.

“ಮುಗೀತಲ್ಲ ತಾಯಿ.”

“ನಿನ್ನೆನೂ ಮುಗೀತು ಅಂದ್ಕೊಂಡಿದ್ದೆ. ಇನ್ನೊಂದು ಮಾಡಿ. ‘ಐದು’ ಬೇಡ, ‘ಕಾಯಿರಿ’ ಬೇಡ. ಬರೀ ‘ನಿಮಿಷ’ ಅನ್ನೋದು ಎಲ್ಲೆಲ್ಲಿದೆ ಕೊಡಿ. ನಾನು ಓದ್ತೀನಿ.”

“ಅದು ನೂರರ ಮೇಲೆ ಬರುತ್ತೆ.”

“ಬರಲಿ. ಓದೋಕೆ ತಾನೇ ನನಗೆ ಸಂಬಳ ಕೊಡೋದು.”

ನೂರ ಇಪ್ಪತ್ತು ಚಿಲ್ಲರೆ ಬಂದವು. ತುಟಿ ಅಲ್ಲಾಡಿಸುತ್ತ ಓದಿದಳು. ಬಾಗಿಲಿನ ಪರೀಕ್ಷೆ ಎರಡು ನಿಮಿಷ, ಫ್ಯಾನ್ ತಣಿಯಲು ಹತ್ತು ನಿಮಿಷ, ಎಲ್ಲ ಅದರದರ ಜಾಗದಲ್ಲಿ ಸರಿಯಾಗಿದ್ದವು. ತೊಂಬತ್ತು ದಾಟಿದ ಮೇಲೆ ಒಂದು ಚಿತ್ರದ ಕೆಳಗಿನ ಸಣ್ಣ ಅಕ್ಷರದ ಸಾಲಿಗೆ ಸ್ಕೇಲು ನಿಂತಿತು. ‘ಕರೆಂಟ್ ತೆಗೆದ ನಂತರ ಐದಾರು ನಿಮಿಷ ತಾಳಿ ಮುಚ್ಚಳ ತೆರೆಯಿರಿ.’ ಯಾವುದೋ ಕಾಲದಲ್ಲಿ ಚಿತ್ರ ಬರೆಯುವವನು ತನ್ನ ಮಾತಿನಲ್ಲಿ ಬರೆದು, ಯಾರ ಕಣ್ಣಿಗೂ ಬೀಳದೆ ಉಳಿದದ್ದು.

“ಇದು ನನ್ನ ಹುಡುಕಾಟದ ತಪ್ಪಲ್ಲ,” ಎಂದರು ಮೇಷ್ಟ್ರು ತಕ್ಷಣ.

“ಅಲ್ಲ ಬಿಡಿ. ಐದಾರು ಅಂತೆ, ತಾಳಿ ಅಂತೆ. ಕಥೆ ಬರೀತಿದ್ದ ಅವನು,” ಎಂದು ತಿದ್ದಕ್ಕ ಅದನ್ನೂ ತಿದ್ದಿದಳು.

ಹನ್ನೊಂದೂವರೆಗೆ ಮೇಡಂ ಮೇಜಿನ ಮುಂದೆ ನಿಂತಳು. ಇಪ್ಪತ್ತೆರಡು ವರ್ಷದಲ್ಲಿ ಆ ಮೇಜಿನ ಮುಂದೆ ಹೀಗೆ ಕೈಕಟ್ಟಿ ನಿಂತದ್ದು ಅದೇ ಮೊದಲು. ಮೂವತ್ತೆಂಟು, ಆಮೇಲೆ ಒಂಬತ್ತು, ಆಮೇಲೆ ಒಂದು, ಒಟ್ಟು ನಲವತ್ತೆಂಟು ಎಂದು ಹೇಳಿದಳು. ದಪ್ಪ ಅಕ್ಷರದ ವಿಷಯವನ್ನೂ, ಸುಟ್ಟ ಬೆರಳಿನ ವಿಷಯವನ್ನೂ ಹೇಳಿದಳು. “ನಿಯಮ ನಾನೇ ಬರೆದು ನಾನೇ ಮುರಿದೆ. ನೀವು ಹೇಳಿದ್ರೆ ಆ ಒಂಬತ್ತನ್ನೂ ಮಾಮೂಲಿ ಅಕ್ಷರಕ್ಕೆ ತರ್ತೀನಿ.”

ಮೇಡಂ ಪಟ್ಟಿಯನ್ನು ತಿರುವಿ ಹಾಕಿದರು. ಮೇಷ್ಟ್ರು ಬಾಗಿಲ ಬಳಿ ನಿಂತು ಉಗುರು ಕಚ್ಚುತ್ತಿದ್ದರು. ಮೊದಲ ಹುಡುಕಾಟ ತಮ್ಮದು, ಬೈಗುಳದಲ್ಲಿ ತಮಗೂ ಒಂದು ಪಾಲು ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

“ಒಂಬತ್ತು ಯಾಕೆ?” ಎಂದರು ಮೇಡಂ. “ನಲವತ್ತೆಂಟೂ ದಪ್ಪ ಮಾಡಿ. ಮೇಷ್ಟ್ರೇ, ಇನ್ಮೇಲೆ ಹುಡುಕೋದು ಇಡೀ ಡಬ್ಬಿಯಲ್ಲೇ. ಗೋಡೆ ಮೇಲೆ ಬರೆದು ಅಂಟಿಸಿ.” ಆಮೇಲೆ ಸಹಿಯಿಲ್ಲದ ಹೊಸ ಹಾಳೆಯೊಂದನ್ನು ಮುಂದಕ್ಕೆ ತಳ್ಳಿದರು. “ನಿನ್ನೆ ಸಹಿ ಹರಿದು ಹಾಕಿದೀನಿ. ಹೊಸದು ಹಾಕಿ.”

ನಲವತ್ತೆಂಟನ್ನೂ ದಪ್ಪ ಮಾಡಿ ಬಂದು ತಿದ್ದಕ್ಕ ಪೆನ್ನು ಹಿಡಿದಳು. ‘ಎಲ್ಲ ಕಡೆ ನೋಡಿದ್ದೇನೆ’ ಎಂಬುದನ್ನು ಮೊದಲ ಸಲ ಓದುವವಳ ಹಾಗೆ ಓದಿ, ನಿಧಾನಕ್ಕೆ ಸಹಿ ಹಾಕಿದಳು. ಮೊದಲಿನ ಜಂಬ ಅದರಲ್ಲಿ ಇರಲಿಲ್ಲ. ಇಲ್ಲದ್ದರಿಂದ ಹಗುರವೇ ಆಯಿತು. ಮಧ್ಯಾಹ್ನ ಪ್ರೆಸ್ಸು ಶುರುವಾಯಿತೆಂದು ಫೋನ್ ಬಂತು, ಎಲ್ಲರೂ ಊಟಕ್ಕೆ ಎದ್ದರು.

ಆಮೇಲೆ ಮನೆಯಲ್ಲಿ ಒಂದು ಸಣ್ಣ ಬದಲಾವಣೆ ಆಯಿತು. ಬೆಳಿಗ್ಗೆ ಅತ್ತೆ “ನಿನ್ನ ಕನ್ನಡಕ ಅಲ್ವಾ...” ಎಂದು ಶುರು ಮಾಡಿದರೆ ತಿದ್ದಕ್ಕ ಕುರ್ಚಿ ಎಳೆದುಕೊಂಡು ಕೂತುಬಿಡುತ್ತಿದ್ದಳು. ಮಾತು ಪಕ್ಕದ ಮನೆಗೆ ಹೋಗಿ, ಅವರ ಮಗಳ ಬಾಣಂತನ ಮುಗಿಸಿ, ಒಣಗದ ಬಟ್ಟೆಯ ಹತ್ತಿರ ನಿಂತು, ಕೊನೆಗೆ ಕನ್ನಡಕಕ್ಕೆ ಬರುತ್ತಿತ್ತು. ಓಡಾಡಿ ಹುಡುಕುವುದಕ್ಕಿಂತ ಅದೇ ಬೇಗ ಆಗುತ್ತಿತ್ತು. ಅತ್ತೆಗೆ ಮೊದಮೊದಲು ಅನುಮಾನ ಬಂತು. ಸೊಸೆಗೆ ಏನೋ ಹುಷಾರಿಲ್ಲ ಎಂದುಕೊಂಡು ಮಗನ ಹತ್ತಿರ ಹೇಳಿದರಂತೆ.

ಹೊಸ ಪುಸ್ತಕ ಗಂಡನ ಚೀಲ ಸೇರಿ ಮೂರು ವಾರವಾಗಿತ್ತು. ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತಿದ್ದಕ್ಕನ ಮೇಜಿನ ಖಾನೆಯೊಳಗೆ ಫೋನು ಗುಂಯ್‌ಗುಟ್ಟಿತು. ತೆಗೆದು ನೋಡಿದರೆ ಗಂಡ. ಇಪ್ಪತ್ತಾರು ವರ್ಷದಲ್ಲಿ ಆ ಹೊತ್ತಿಗೆ ಬಾರದ ಫೋನು. ಕೈಯಲ್ಲಿದ್ದ ಸ್ಕೇಲು ಜಾರಿ ಕೆಳಗೆ ಬಿತ್ತು.

“ಏನಾಯ್ತು ರೀ?”

“ಏನೂ ಆಗಿಲ್ಲ.”

“ಮತ್ತೆ ಫೋನು?”

“ಹೊಸ ಪೆಟ್ಟಿಗೆ ಹತ್ರ ಬಂದಿದೀನಿ. ಕರೆಂಟ್ ತೆಗೆದು ಮೆಟ್ಟಿಲ ಮೇಲೆ ಕೂತಿದೀನಿ. ಹದಿನೈದು ನಿಮಿಷ ಕಾಯಿರಿ ಅಂತ ಅಷ್ಟು ದಪ್ಪಗೆ ಬರೆದಿದೀಯಲ್ಲ, ಅಷ್ಟು ಹೊತ್ತು ಏನ್ಮಾಡ್ಲಿ? ಕೈ ಖಾಲಿ ಇತ್ತು, ಮಾಡ್ದೆ.”

ತಿದ್ದಕ್ಕ ಕಣ್ಣು ಒರೆಸಿಕೊಂಡಳು. ಡಬ್ಬಿ ಮೇಷ್ಟ್ರು ಕೆಳಗೆ ಬಿದ್ದ ಸ್ಕೇಲು ಎತ್ತಿ ಮೇಜಿನ ಮೇಲಿಟ್ಟು, ಏನೂ ನೋಡದವರ ಹಾಗೆ ತಮ್ಮ ಜಾಗಕ್ಕೆ ಹೋದರು.

“ಎಷ್ಟಾಯ್ತು?”

“ನಾಲ್ಕು.”

“ಇನ್ನೂ ಹನ್ನೊಂದಿದೆ. ಮಾತಾಡಿ.”

ಆ ಕಟ್ಟಡದ ಮೆಟ್ಟಿಲು ತಣ್ಣಗಿದೆ ಅಂದ. ಮೇಲಿನ ಮನೆಯಲ್ಲಿ ಯಾರೋ ಹಾಡು ಕಲಿಯುತ್ತಿದ್ದಾರೆ, ಒಂದೇ ಸಾಲನ್ನು ಹತ್ತು ಸಲ ತಪ್ಪುತ್ತಿದ್ದಾರೆ ಅಂದ. ಅಲ್ಲಿಂದ ಮಾತು ಅವನು ಶಾಲೆಯಲ್ಲಿ ಹಾಡಿದ್ದಕ್ಕೆ ಹೋಯಿತು, ಅಲ್ಲಿಂದ ಅಮ್ಮನ ಮಂಡಿನೋವಿಗೆ ಬಂತು, ಆಮೇಲೆ ಇನ್ನೆಲ್ಲಿಗೋ ಹೊರಟಿತು. ಎಷ್ಟಾದರೂ ಆ ತಾಯಿಯ ಮಗ. ತಿದ್ದಕ್ಕ ಒಂದು ಮಾತನ್ನೂ ಬಿಡದೆ ಕೇಳಿದಳು.

“ಹದಿನೈದಾಯ್ತು,” ಅಂದ ಗಂಡ. “ಇಡ್ಲಾ?”

“ಇನ್ನೊಂದು ನಿಮಿಷ ಇರಿ,” ಅಂದಳು ತಿದ್ದಕ್ಕ.